ನಳದ ನೀರು ಕೆಂಪಾಗಿದೆಯೇ? ಟಾಕಿ ತೊಳೆಯುವ ಮುಂಚೆ ಇದನ್ನು ನೋಡಿ

ನಮ್ಮ ಮನೆಯಲ್ಲಿ ಇದು ಶುರುವಾಗಿದ್ದು ರೊಟ್ಟಿಯ ಎಸರಿನಿಂದ. ಅವ್ವ ಬೆಳಿಗ್ಗೆ ಬೋಗುಣಿಯಲ್ಲಿ ನೀರು ಕಾಯಲು ಇಟ್ಟಿದ್ದಳು. ಕುದಿ ಬಂದ ಮೇಲೆ ನೋಡಿದರೆ ತಳದಲ್ಲಿ ಇಟ್ಟಿಗೆ ಪುಡಿ ಉದುರಿಸಿದಂತೆ ಕೆಂಪಗೆ ಏನೋ ಕೂತಿತ್ತು. "ಇವೇನ್ ನೀರೋ ಚಹಾನೋ? ಜ್ವಾಳದ ಹಿಟ್ಟಿಗಿ ಇವನ್ನ ಹ್ಯಾಂಗ ಹಾಕ್ಲಿ?" ಎಂದು ಬೋಗುಣಿಯನ್ನೇ ತಂದು ನನ್ನ ಮುಂದಿಟ್ಟಳು.

ಅವತ್ತಿನಿಂದ ನಾಲ್ಕು ತಿಂಗಳು ನಾನು ಏನೇನು ಮಾಡಿದೆ ಕೇಳಿ. ಮೇಲಿನ ಟಾಕಿ ಎರಡು ಸಲ ತೊಳೆಸಿದೆ. ಸಂಪು ಒಂದು ಸಲ. ಅಡುಗೆಮನೆಯ ನಳಕ್ಕೆ ಫಿಲ್ಟರ್ ಹಚ್ಚಿಸಿದೆ. ಅದರ ಬಿಳಿ ಕ್ಯಾಂಡಲ್ ಎಂಟೇ ದಿನದಲ್ಲಿ ಹಂಚಿನ ಬಣ್ಣಕ್ಕೆ ಬಂತು. ನೀರು ಬಿಡುವ ವಾಲ್‌ಮನ್ ಜೊತೆ ಜಗಳವನ್ನೂ ಆಡಿದೆ. ಪಾಪ, ಅವನದೇನೂ ತಪ್ಪಿರಲಿಲ್ಲ. ಕೊನೆಗೆ ದೋಷ ಸಿಕ್ಕಿದ್ದು ಅಡುಗೆಮನೆಯ ಗೋಡೆಯೊಳಗಿದ್ದ ಒಂದೂವರೆ ಅಡಿ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನಲ್ಲಿ.

ನಾನು ಮಾಡಿದ ತಪ್ಪು ಒಂದೇ. ಎಲ್ಲರೂ ಮಾಡುವ ತಪ್ಪೇ ಅದು. ಬಣ್ಣ ಕಂಡ ಕೂಡಲೇ ಔಷಧಿ ಹುಡುಕಿದೆ, ಬಣ್ಣ ಎಲ್ಲಿಂದ ಸೇರುತ್ತಿದೆ ಎಂದು ಹುಡುಕಲಿಲ್ಲ. ನದಿಯಿಂದ ನಿಮ್ಮ ತಂಬಿಗೆಯವರೆಗೆ ನೀರು ಐದಾರು ಜಾಗ ದಾಟಿ ಬರುತ್ತದೆ. ದೊಡ್ಡ ಲೈನು, ಓಣಿಯ ಲೈನು, ಮನೆಯ ಕನೆಕ್ಷನ್, ಸಂಪು, ಮೇಲಿನ ಟಾಕಿ, ಗೋಡೆಯೊಳಗಿನ ಪೈಪು. ಇವುಗಳಲ್ಲಿ ಯಾವುದು ಎಂದು ಗೊತ್ತಾಗುವವರೆಗೆ ಒಂದು ರೂಪಾಯಿಯನ್ನೂ ಬಿಚ್ಚಬೇಡಿ.

ಅದಕ್ಕೂ ಮೊದಲು ಒಂದು ಮಾತು. ನೀರಿಗೆ ಗಟಾರದ ವಾಸನೆ ಇದ್ದರೆ, ಅಥವಾ ಬಣ್ಣ ಬದಲಾದ ದಿನವೇ ಓಣಿಯಲ್ಲಿ ಎರಡು ಮೂರು ಮನೆಯಲ್ಲಿ ವಾಂತಿಭೇದಿ ಶುರುವಾಗಿದ್ದರೆ, ಉಳಿದದ್ದನ್ನೆಲ್ಲ ಬಿಟ್ಟು ಕೆಳಗೆ ಗಟಾರದ ನೀರಿನ ಭಾಗಕ್ಕೆ ಹೋಗಿ. ಆ ನೀರನ್ನು ಈಗಲೇ ಕುಡಿಯುವುದು ನಿಲ್ಲಿಸಿ.

ಐದು ಬಾಟಲಿ

ಒಂದು ಲೀಟರಿನ ಖಾಲಿ ನೀರಿನ ಬಾಟಲಿ ಐದು ತೆಗೆದುಕೊಳ್ಳಿ. ಮೇಲಿನ ಚೀಟಿ ಕಿತ್ತುಹಾಕಿ, ಚೆನ್ನಾಗಿ ತೊಳೆದು, ಮಾರ್ಕರ್ ಪೆನ್ನಿನಿಂದ ನಂಬರು ಬರೆಯಿರಿ.

ಮೊದಲನೆಯದು ಬೀದಿಯ ಲೈನಿನಿಂದ ನೇರವಾಗಿ ಬರುವ ನೀರು. ನಮ್ಮ ಕಲಬುರಗಿ ಕಡೆ ನಳ ದಿನಾ ಬರುವುದಿಲ್ಲವಲ್ಲ, ಮೂರು ನಾಲ್ಕು ದಿನಕ್ಕೊಮ್ಮೆ ಬಂದಾಗ ಸಂಪಿಗೆ ಬೀಳುವ ಪೈಪಿನ ಬಾಯಿಗೇ ಹಿಡಿಯಬೇಕು. ಎರಡನೆಯದು ಅದೇ ಪೈಪಿನದು, ಅರ್ಧ ತಾಸು ಬಿಟ್ಟು ಹಿಡಿದದ್ದು. ಮೂರನೆಯದು ಸಂಪಿನದು. ತಳ ಕಲಕದೆ ಮೇಲಿಂದ ತುಂಬಿ. ನಾಲ್ಕು ಮತ್ತು ಐದನೆಯದು ಅಡುಗೆಮನೆಯ ನಳದವು. ನಾಲ್ಕನೆಯದನ್ನು ಬೆಳಿಗ್ಗೆ ಎದ್ದ ಕೂಡಲೇ, ಮನೆಯಲ್ಲಿ ಯಾರೂ ನಳ ತಿರುಗಿಸುವ ಮುಂಚೆ ಹಿಡಿಯಿರಿ. ಐದನೆಯದನ್ನು ಐದು ನಿಮಿಷ ನೀರು ಬಿಟ್ಟ ಮೇಲೆ. ನಡುವೆ ಹರಿದದ್ದನ್ನು ಬಕೀಟಿನಲ್ಲಿ ಹಿಡಿದಿಡಿ, ಪಾಯಖಾನೆಗೆ ಆಗುತ್ತದೆ.

ಐದನ್ನೂ ಕಿಟಕಿ ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಹಿಂದೆ ಬಿಳಿ ಹಾಳೆ ನಿಲ್ಲಿಸಿ. ಹಿಡಿದ ಕೂಡಲೇ ಒಂದು ಫೋಟೋ, ಒಂದು ತಾಸಿನ ಮೇಲೆ ಒಂದು, ಮರುದಿನ ಅದೇ ಹೊತ್ತಿಗೆ ಒಂದು. ಫೋಟೋ ಯಾಕೆಂದರೆ ನೆನಪು ಮೋಸ ಮಾಡುತ್ತದೆ. "ನಿನ್ನೆ ಇನ್ನೂ ಕೆಂಪಿತ್ತು" ಅನ್ನುವವರು, "ಇಲ್ಲ, ಇಷ್ಟೇ ಇತ್ತು" ಅನ್ನುವವರು ಒಂದೇ ಮನೆಯಲ್ಲಿ ಇರುತ್ತಾರೆ.

ಈಗ ಓದುವುದು. ಇಲ್ಲಿ ಹೇಳುವ ಒಂದು, ಎರಡು ಎಲ್ಲ ಬಾಟಲಿಯ ನಂಬರು. ಒಂದೂ ಎರಡೂ ಕೆಂಪಾಗಿದ್ದರೆ ದೋಷ ನಿಮ್ಮ ಮನೆಯದಲ್ಲ, ಬೀದಿಯದು. ಒಂದು ಕೆಂಪು, ಎರಡು ತಿಳಿ ಇದ್ದರೂ ಬೀದಿಯದೇ, ಆದರೆ ಹೆದರುವಂಥದ್ದಲ್ಲ. ಎರಡು ತಿಳಿ, ಮೂರು ಕೆಂಪು ಎಂದರೆ ಸಂಪಿನ ತಳದಲ್ಲಿ ಕೆಸರು ಕೂತಿದೆ. ಮೂರು ತಿಳಿ, ನಾಲ್ಕು ಐದು ಎರಡೂ ಕೆಂಪಾಗಿದ್ದರೆ ಮೇಲಿನ ಟಾಕಿ ಹತ್ತಿ ನೋಡಿ. ನಾಲ್ಕು ಮಾತ್ರ ಕೆಂಪಾಗಿ ಐದು ತಿಳಿಯಾಗಿದ್ದರೆ ಟಾಕಿಯಿಂದ ನಳದ ನಡುವಿನ ಪೈಪಿನಲ್ಲಿ ರಾತ್ರಿಯಿಡೀ ನಿಂತ ನೀರು ತುಕ್ಕು ಹಿಡಿದುಕೊಂಡು ಬರುತ್ತಿದೆ. ನಮ್ಮದು ಇದೇ ಆಗಿತ್ತು.

ಬಿಸಿನೀರಿನ ನಳದಲ್ಲಿ ಮಾತ್ರ ಬಣ್ಣ ಇದ್ದರೆ ಬಾಟಲಿಯ ಕೆಲಸವೇ ಇಲ್ಲ. ಗೀಸರ್ ಅಥವಾ ಸೋಲಾರಿನ ಟಾಕಿಯೊಳಗೆ ತುಕ್ಕು ಹಿಡಿದಿದೆ.

ಗೋಡೆಯೊಳಗಿನ ಪೈಪು

ನಮ್ಮ ಮನೆ ಹಳೆಯದು. ಏಳೆಂಟು ವರ್ಷದ ಹಿಂದೆ ಜಿಐ ತೆಗೆಸಿ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು ಹಾಕಿಸಿದ್ದೆ. ಹಾಗಾಗಿ ಪೈಪಿನ ಮೇಲೆ ನನಗೆ ಅನುಮಾನವೇ ಬರಲಿಲ್ಲ. ಆದರೆ ಅಡುಗೆಮನೆಯಲ್ಲಿ ಆಗಷ್ಟೇ ಟೈಲ್ಸ್ ಕೂರಿಸಿದ್ದೆವು. ಅದನ್ನು ಒಡೆಯುವುದು ಬೇಡ ಎಂದು ಅವತ್ತಿನ ಪ್ಲಂಬರ್ ಅಲ್ಲೊಂದು ಹಳೆಯ ತುಂಡನ್ನು ಹಾಗೇ ಬಿಟ್ಟು ಎರಡೂ ಕಡೆ ಹೊಸ ಪೈಪು ಜೋಡಿಸಿದ್ದ. ನನಗೆ ಹೇಳಿದ್ದನಂತೆ. ನನಗೆ ನೆನಪಿಲ್ಲ.

ಬಾಟಲಿ ನೋಡಿದ ಮೇಲೆ ಟೈಲ್ಸ್ ಒಡೆಸಿ ಆ ತುಂಡು ಹೊರಗೆ ತೆಗೆಸಿದೆ. ಅರ್ಧ ಇಂಚಿನ ಪೈಪು ಅದು, ಕಿರುಬೆರಳು ಸಲೀಸಾಗಿ ಹೋಗಬೇಕು. ಪೆನ್ಸಿಲ್ ಕೂಡ ಹೋಗಲಿಲ್ಲ. ಒಳಗೆಲ್ಲ ನರುಲಿಯಂತೆ ಗಂಟುಗಂಟಾಗಿ ತುಕ್ಕು ಬೆಳೆದಿತ್ತು. ಮೇಲೆ ಕೆಂಪು, ಉಗುರಿನಿಂದ ಕೆರೆದರೆ ಒಳಗೆ ಕಪ್ಪು. ನೆಲಕ್ಕೆ ಕುಟ್ಟಿದರೆ ಹಿಡಿಯಷ್ಟು ಪುಡಿ ಉದುರಿತು. ಆ ನಳದಲ್ಲಿ ನೀರು ಸಣ್ಣಗೆ ಬರುತ್ತದೆ ಎಂದು ಮನೆಯವಳು ಎರಡು ವರ್ಷದಿಂದ ಹೇಳುತ್ತಲೇ ಇದ್ದಳು. ಒಂದೇ ನಳದಲ್ಲಿ ರಭಸ ಕಡಿಮೆ, ಅದರಲ್ಲೇ ಬೆಳಗಿನ ಹೊತ್ತು ಬಣ್ಣ. ಎರಡೂ ಸೇರಿದರೆ ಹಳೆಯ ಜಿಐ ಅಂತಲೇ ತಿಳಿಯಿರಿ.

ಜಿಐ ಪೈಪಿನ ಮೇಲಿರುವುದು ಸತುವಿನ ತೆಳು ಲೇಪ. ಅದು ಸವೆದ ಮೇಲೆ ಒಳಗಿನ ಕಬ್ಬಿಣ ಬಯಲಿಗೆ ಬರುತ್ತದೆ. ನೀರೂ ಗಾಳಿಯೂ ಸೇರಿದರೆ ತುಕ್ಕು. ದಿನವಿಡೀ ನೀರು ತುಂಬಿಕೊಂಡಿರುವ ಪೈಪಿಗಿಂತ, ತುಂಬಿ ಖಾಲಿಯಾಗಿ ಮತ್ತೆ ತುಂಬುವ ಪೈಪು ಬೇಗ ಹಾಳಾಗುತ್ತದೆ. ನಮ್ಮ ಊರಿನ ಬಹಳಷ್ಟು ಓಣಿಗಳಲ್ಲಿ ಆಗುವುದು ಇದೇ. ಮೂರು ದಿನ ಪೈಪಿನೊಳಗೆ ಗಾಳಿ, ನಾಲ್ಕನೆಯ ದಿನ ಏಕಾಏಕಿ ರಭಸದಿಂದ ನೀರು. ಆ ಹೊಡೆತಕ್ಕೆ ಒಣಗಿದ ತುಕ್ಕೆಲ್ಲ ಕಿತ್ತು ಬರುತ್ತದೆ. ಒಂದನೆಯ ಬಾಟಲಿ ಕೆಂಪು, ಎರಡನೆಯದು ತಿಳಿ ಆಗುವುದು ಇದಕ್ಕೇ.

ಇದಕ್ಕೆ ಮದ್ದು ಸರಳ. ನೀರು ಬಂದ ಕೂಡಲೇ ಸಂಪಿಗೆ ಬಿಡಬೇಡಿ. ಮೊದಲ ನಾಲ್ಕೈದು ಬಕೀಟು ಬೇರೆ ಹಿಡಿಯಿರಿ. ಗಿಡಕ್ಕೆ, ಅಂಗಳಕ್ಕೆ, ಪಾಯಖಾನೆಗೆ ಹಾಕಿ. ಬಣ್ಣ ಹೋದ ಮೇಲೆ ಸಂಪಿನ ಬಾಯಿ ಬಿಡಿ. ನೀರು ಬರುವುದೇ ಎರಡು ತಾಸು, ಅದರಲ್ಲಿ ಇದೆಲ್ಲ ಎಲ್ಲಿ ಸಾಧ್ಯ ಅನ್ನುತ್ತೀರಿ. ನಿಜ. ಆದರೆ ಆ ಐದು ಬಕೀಟು ಒಳಗೆ ಹೋದರೆ ಉಳಿದ ಸಾವಿರ ಲೀಟರನ್ನೂ ಕೆಡಿಸುತ್ತದೆ.

ತುಕ್ಕಿನ ನೀರು ಕುಡಿದರೆ ಏನಾಗುತ್ತದೆ? ನಾಲಿಗೆಗೆ ಕಬ್ಬಿಣದ ರುಚಿ, ಬಟ್ಟೆಗೆ ಕಲೆ, ಅಷ್ಟೇ. ಲೀಟರಿಗೆ 0.3 ಮಿಲಿಗ್ರಾಂ ಕಬ್ಬಿಣ ದಾಟಿದರೆ ಬಿಳಿ ಬಟ್ಟೆ, ಬಿಳಿ ಸಿಂಕು ಹಳದಿಯಾಗಲು ಶುರು. ನೋಡಲು ಅಸಹ್ಯ, ಆದರೆ ಆಸ್ಪತ್ರೆ ಸೇರಿಸುವ ನೀರಲ್ಲ ಅದು. ಕೆಂಪು ನೀರಿಗೆ ಬೆಚ್ಚಿ ಬೀಳುವ ನಾವು, ಸ್ವಲ್ಪ ಮಬ್ಬಾಗಿ ಸ್ವಲ್ಪ ವಾಸನೆ ಬರುವ ನೀರನ್ನು "ಇರ್ಲಿ ಬಿಡು" ಎಂದು ಕುಡಿದುಬಿಡುತ್ತೇವೆ. ಹೆದರಬೇಕಾದದ್ದು ಆ ನೀರಿಗೆ.

ಗಟಾರದ ನೀರು ಸೇರಿದ್ದರೆ

ಇದರ ಬಣ್ಣ ಇಂಥದ್ದೇ ಎಂದು ಹೇಳುವ ಹಾಗಿಲ್ಲ. ಬೂದಿ ಬಣ್ಣಕ್ಕಿರಬಹುದು, ಕಪ್ಪಗಿರಬಹುದು, ಬರೀ ಮಬ್ಬಾಗಿರಬಹುದು. ತೀರಾ ತಿಳಿಯಾಗಿ ಕಂಡರೂ ಆಶ್ಚರ್ಯವಿಲ್ಲ. ಕಣ್ಣಿಗಿಂತ ಮೂಗನ್ನು ನಂಬಿ. ಬಾಟಲಿಯನ್ನು ಅರ್ಧ ತುಂಬಿಸಿ, ಮುಚ್ಚಳ ಹಾಕಿ, ಜೋರಾಗಿ ಅಲ್ಲಾಡಿಸಿ ಮುಚ್ಚಳ ತೆಗೆದ ಕೂಡಲೇ ಮೂಸಿ. ಗಟಾರದ ವಾಸನೆ ಇದ್ದರೆ ಗೊತ್ತಾಗಿಯೇ ಆಗುತ್ತದೆ. ಅಲ್ಲಾಡಿಸಿದಾಗ ಬಂದ ನೊರೆ ಬೇಗ ಒಡೆಯದೆ ನಿಂತರೆ ಬಚ್ಚಲಿನ ಸೋಪಿನ ನೀರು ಸೇರಿರುವ ಅನುಮಾನ ಬರಬೇಕು.

ಕುಡಿಯುವ ಲೈನಿನೊಳಗೆ ಗಟಾರ ಹೇಗೆ ಬರುತ್ತದೆ? ಕಲಬುರಗಿ ಜಿಲ್ಲೆಯ ಬಹುಪಾಲು ನೆಲ ಎರೆ ಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಹೀಗೆ ನೆಲ ಉಸಿರಾಡಿದಂತೆಲ್ಲ ಪೈಪಿನ ಜೋಡಣೆಗಳು ಸಡಿಲವಾಗುತ್ತವೆ. ಎಷ್ಟೋ ಓಣಿಗಳಲ್ಲಿ ನೀರಿನ ಪೈಪು ಗಟಾರದ ಪಕ್ಕದಲ್ಲೇ, ಕೆಲವು ಕಡೆ ಗಟಾರದೊಳಗಿಂದಲೇ ಹಾದುಹೋಗಿರುತ್ತದೆ. ಪೈಪಿನಲ್ಲಿ ಒತ್ತಡ ಇರುವವರೆಗೆ ನೀರು ಹೊರಗೆ ಸೋರುತ್ತದೆಯೇ ಹೊರತು ಕೊಳೆ ಒಳಗೆ ಬರುವುದಿಲ್ಲ. ನೀರು ನಿಂತ ಮೇಲೆ ಒತ್ತಡ ಹೋಗುತ್ತದೆ. ಆಗ ಹೊರಗೆ ನಿಂತ ಕೊಳೆ ಅದೇ ತೂತಿನಿಂದ ಒಳಗೆ ಇಳಿಯುತ್ತದೆ.

ಇದರ ಮೇಲೆ ನಾವೇ ಮಾಡುವ ಇನ್ನೊಂದು ಕೆಲಸ ಇದೆ. ನೀರು ಸಣ್ಣಗೆ ಬರುತ್ತದೆ ಎಂದು ಲೈನಿಗೇ ನೇರವಾಗಿ ಮೋಟಾರು ಹಚ್ಚುವುದು. ಮೋಟಾರು ಬರೀ ನೀರನ್ನು ಎಳೆಯುವುದಿಲ್ಲ. ಬಿರುಕು ಎಲ್ಲಿದೆಯೋ ಅಲ್ಲಿಂದ ಗಟಾರವನ್ನೂ ಎಳೆದುಕೊಂಡು ಬರುತ್ತದೆ. ನಮ್ಮ ಓಣಿಯಲ್ಲಿ ಒಂದು ಸಲ ಹೀಗೇ ಆಯಿತು. ಎದುರುಮನೆಯ ಕಾಕಾ ಅವರ ಮನೆಗೆ ಮಾತ್ರ ವಾಸನೆಯ ನೀರು, ಅಕ್ಕಪಕ್ಕದವರಿಗೆ ಏನೂ ಇಲ್ಲ. ಅವರಿಗೆ ಸಿಟ್ಟು. ಮೋಟಾರು ಬಂದ್ ಮಾಡಿ ಹಿಡಿದು ನೋಡಿ ಎಂದೆ. "ಮೋಟಾರ್ ಇಲ್ದ ನಮ್ಮನಿಗಿ ನೀರ್ ಎಲ್ಲಿ ಏರ್ತಾವೋ ತಮ್ಮಾ?" ಎಂದರು. ಅದೂ ಸುಳ್ಳಲ್ಲ. ಕೊನೆಗೆ ಲೈನಿನ ನೀರು ತಾನಾಗೇ ಬೀಳುವಂತೆ ಅಂಗಳದಲ್ಲಿ ನೆಲಮಟ್ಟಕ್ಕಿಂತ ಕೆಳಗೆ ಒಂದು ಚಿಕ್ಕ ಸಂಪು ಕಟ್ಟಿಸಿದರು. ಮೋಟಾರನ್ನು ಅದಕ್ಕೆ ಹಚ್ಚಿದರು. ವಾಸನೆ ನಿಂತಿತು. ಲೈನಿನ ಬಿರುಕು ಮುಚ್ಚಿದ್ದು ಮಾತ್ರ ಅದಾಗಿ ತಿಂಗಳ ಮೇಲೆ.

ಅನುಮಾನ ಬಂದ ದಿನ ಏನು ಮಾಡಬೇಕು? ಸಂಪಿಗೆ ಹೋಗುವ ವಾಲ್ ಬಂದ್ ಮಾಡಿ. ಕುಡಿಯಲು, ಪಾತ್ರೆ ತೊಳೆಯಲು, ಹಲ್ಲುಜ್ಜಲು ಬೇರೆ ನೀರು ತನ್ನಿ. ಬೇರೆ ದಾರಿಯೇ ಇಲ್ಲದಿದ್ದರೆ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೂ ಒಂದೆರಡು ನಿಮಿಷ ಕುದಿಸಿ, ಅದೇ ಪಾತ್ರೆಯಲ್ಲಿ ಆರಿಸಿ. ಮಗುವಿಗೆ ಭೇದಿ ಆಗುತ್ತಿದ್ದರೆ ಓಆರ್‌ಎಸ್ ಕೊಡುತ್ತ ಆಸ್ಪತ್ರೆಗೆ ಹೊರಡಿ. ನೀರಿನ ದೋಷ ಆಮೇಲೆ ಹುಡುಕಿದರಾಯಿತು.

ಖಾತ್ರಿ ಮಾಡಿಕೊಳ್ಳಲು ಎಚ್‌ಟುಎಸ್ ಬಾಟಲಿ ಎಂದು ಬರುತ್ತದೆ. ಒಳಗೆ ಔಷಧಿ ಹಾಕಿಟ್ಟ ಚಿಕ್ಕ ಬಾಟಲಿ. ಗೆರೆಯವರೆಗೆ ನೀರು ತುಂಬಿಸಿ ಮನೆಯ ಬೆಚ್ಚನೆ ಮೂಲೆಯಲ್ಲಿ ಇಡಬೇಕು. 24ರಿಂದ 48 ಗಂಟೆಯೊಳಗೆ ಕಪ್ಪಾದರೆ ಹೊಲಸು ಸೇರಿದೆ ಎಂದೇ ತಿಳಿಯಬೇಕು. ಹಳ್ಳಿಗಳಲ್ಲಿ ಜಲ ಜೀವನ್ ಮಿಷನ್ನಿನ ಪರೀಕ್ಷೆ ಕಿಟ್ ಜೊತೆ ಇದು ಸಿಗುತ್ತದೆ, ಅದನ್ನು ಬಳಸುವ ತರಬೇತಿ ಪಡೆದ ಹೆಣ್ಣುಮಕ್ಕಳೂ ಇರುತ್ತಾರೆ. ಪಂಚಾಯಿತಿಯಲ್ಲಿ ಕೇಳಿ.

ಇನ್ನೊಂದು ಸುಳಿವು ಕ್ಲೋರಿನ್. ಊರಿನ ನೀರಿಗೆ ಕ್ಲೋರಿನ್ ಹಾಕಿಯೇ ಬಿಡುತ್ತಾರೆ, ನಳದ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎಂದು ನಿಯಮ. ಎರಡು ಹನಿ ಹಾಕಿದರೆ ಹಳದಿಯಾಗುವ ಕಿಟ್ಟಿನಲ್ಲಿ ನೋಡಬಹುದು. ಪಕ್ಕದ ಓಣಿಯಲ್ಲಿ ಹಳದಿ ಬಂದು ನಿಮ್ಮಲ್ಲಿ ಬಾರದಿದ್ದರೆ, ನಡುದಾರಿಯಲ್ಲಿ ಯಾವುದೋ ಕೊಳೆ ಆ ಕ್ಲೋರಿನ್ನನ್ನು ತಿಂದುಹಾಕಿರಬಹುದು.

ಹಿಡಿದಾಗ ತಿಳಿ, ಸಂಜೆಗೆ ಕೆಂಪು

ಇದು ಬೋರಿನ ನೀರಿನ ಲಕ್ಷಣ. ನಮ್ಮ ಅಕ್ಕನನ್ನು ಬೀದರಿಗೆ ಕೊಟ್ಟಿದ್ದೇವೆ. ಅವರ ಮನೆಯಲ್ಲಿ ಬೋರು. ಮೋಟಾರು ಹಚ್ಚಿದಾಗ ನೀರು ಗಾಜಿನಂತೆ ಇರುತ್ತದೆ. ಬೆಳಿಗ್ಗೆ ತುಂಬಿದ ಬಕೀಟನ್ನು ಸಂಜೆ ನೋಡಿದರೆ ಅರಿಶಿನ ಕಲಸಿದ ಹಾಗೆ. ಬಾವನ ಬಿಳಿ ಧೋತರ ಎಲ್ಲ ಹಳದಿ. ಅಕ್ಕ ಕಲೆ ಹೋಗಲಿ ಎಂದು ಬ್ಲೀಚಿಂಗ್ ಪೌಡರಿನಲ್ಲಿ ನೆನೆಸಿದಳು. ಹಳದಿ ಇದ್ದದ್ದು ಕಾವಿ ಆಯಿತು.

ಬೀದರ್ ಕೂತಿರುವುದೇ ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಮೇಲೆ. ಆ ಕಲ್ಲು ಕೆಂಪಗಿರುವುದು ಅದರೊಳಗಿನ ಕಬ್ಬಿಣದಿಂದ. ನೆಲದಾಳದಲ್ಲಿ ಗಾಳಿ ಕಡಿಮೆ. ಅಲ್ಲಿ ಕಬ್ಬಿಣ ಸಕ್ಕರೆಯಂತೆ ಕರಗಿ ಕಾಣದೆ ಇರಬಲ್ಲದು. ಮೇಲೆ ಬಂದು ಗಾಳಿ ತಾಗಿದ ಮೇಲೆ ತುಕ್ಕಾಗಿ ಹೊರಗೆ ಬೀಳುತ್ತದೆ. ಬ್ಲೀಚಿಂಗ್ ಮಾಡುವುದೂ ಅದೇ ಕೆಲಸ, ಇನ್ನೂ ಜೋರಾಗಿ. ಕರಗಿದ ಕಬ್ಬಿಣವನ್ನು ಬಟ್ಟೆಯ ಎಳೆಯೊಳಗೇ ತುಕ್ಕಾಗಿಸಿ ಕೂರಿಸುತ್ತದೆ. ಇಂಥ ಕಲೆಗೆ ಲಿಂಬೆರಸ ಹಿಂಡಿ, ಉಪ್ಪು ಉದುರಿಸಿ, ಬಿಸಿಲಿಗೆ ಒಂದೆರಡು ತಾಸು ಇಟ್ಟು ತೊಳೆಯಿರಿ. ನಮ್ಮ ಬಿಸಿಲು ಈ ಒಂದು ಕೆಲಸಕ್ಕಾದರೂ ಬರಲಿ.

ಕಬ್ಬಿಣ ಹೌದೋ ಅಲ್ಲವೋ ನೋಡಲು ಚಹಾ ಸಾಕು. ಹಾಲು ಹಾಕದ ಗಟ್ಟಿ ಡಿಕಾಕ್ಷನ್ ಆರಿಸಿಕೊಳ್ಳಿ. ಒಂದು ಲೋಟದಲ್ಲಿ ಬೋರಿನ ನೀರು, ಇನ್ನೊಂದರಲ್ಲಿ ಕ್ಯಾನಿನ ನೀರು. ಎರಡಕ್ಕೂ ಎರಡೆರಡು ಚಮಚ ಡಿಕಾಕ್ಷನ್ ಹಾಕಿ. ಕ್ಯಾನಿನ ನೀರು ಚಹಾದ ಬಣ್ಣದಲ್ಲೇ ಇರುತ್ತದೆ. ಕಬ್ಬಿಣ ಇರುವ ನೀರು ನೋಡುನೋಡುತ್ತಲೇ ಶಾಯಿ ಕದಡಿದಂತೆ ನೀಲಿಗಪ್ಪಾಗುತ್ತದೆ. ಹಳೆಯ ಕಾಲದಲ್ಲಿ ಅಳಲೆಕಾಯಿ ರಸಕ್ಕೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದದ್ದೂ ಇದೇ ಲೆಕ್ಕ.

ಫ್ಲಶ್ ಟಾಕಿಯ ಮುಚ್ಚಳವನ್ನೂ ಒಮ್ಮೆ ಎತ್ತಿ ನೋಡಿ. ಗೋಡೆಗೆ ಕಿತ್ತಳೆ ಬಣ್ಣದ ಲೋಳೆ ಅಂಟಿದ್ದರೆ ಕಬ್ಬಿಣ ತಿಂದು ಬದುಕುವ ಬ್ಯಾಕ್ಟೀರಿಯಾ ಇವೆ. ನಿಂತ ನೀರಿನ ಮೇಲೆ ಎಣ್ಣೆಯಂಥ ಬಣ್ಣದ ಪೊರೆಯೂ ಕಾಣಬಹುದು. ಬೋರಿನಲ್ಲಿ ಡೀಸೆಲ್ ಸೇರಿತೇ ಎಂದು ಗಾಬರಿ ಬೇಡ. ಕಡ್ಡಿಯಿಂದ ಚುಚ್ಚಿ. ಗಾಜು ಒಡೆದ ಹಾಗೆ ಚೂರುಚೂರಾಗಿ ಬೇರೆಯಾದರೆ ಬ್ಯಾಕ್ಟೀರಿಯಾದ ಪೊರೆ. ಮತ್ತೆ ಕೂಡಿಕೊಂಡರೆ ನಿಜವಾದ ಎಣ್ಣೆ.

ಪರಿಹಾರವನ್ನು ಬಾವ ಕೈಯಾರೆ ಮಾಡಿದರು. ಬೋರಿನ ಪೈಪಿನ ತುದಿಗೆ ನೂರಾರು ತೂತು ಕೊರೆದ ಪಿವಿಸಿ ತುಂಡು ಹಾಕಿ, ನೀರು ಸಂಪಿಗೆ ಎತ್ತರದಿಂದ ಮಳೆಯಂತೆ ಬೀಳುವ ಹಾಗೆ ಮಾಡಿದರು. ಬೀಳುವಾಗ ಗಾಳಿ ಸೇರುತ್ತದೆ, ರಾತ್ರಿಯೆಲ್ಲ ನಿಂತರೆ ತುಕ್ಕು ತಳ ಹಿಡಿಯುತ್ತದೆ. ಮೋಟಾರು ನೀರು ಎಳೆದುಕೊಳ್ಳುವ ಬಾಯಿಯನ್ನು (ಫುಟ್‌ವಾಲ್ವ್) ತಳದಿಂದ ಒಂದಡಿ ಮೇಲೆ ಎತ್ತಿ ಕಟ್ಟಿದರು. ಕುಡಿಯುವ ನೀರಿಗೆ ಮಾತ್ರ ಇದರ ಮೇಲೆ ಮರಳಿನ ಫಿಲ್ಟರ್. ಪೂರ್ತಿ ಹೋಗಿದೆ ಎನ್ನಲಾರೆ, ಆದರೆ ಧೋತರ ಈಗ ಬಿಳಿ ಇದೆ. ಅಂಗಡಿಯಲ್ಲಿ ಸಿಗುವ ಕಬ್ಬಿಣ ತೆಗೆಯುವ ಫಿಲ್ಟರ್ ಕೂಡ ಮಾಡುವುದು ಇದನ್ನೇ. ವಾರಕ್ಕೊಮ್ಮೆ ಅದಕ್ಕೆ ಉಲ್ಟಾ ನೀರು ಬಿಟ್ಟು ತೊಳೆಯದಿದ್ದರೆ ಅದೇ ತುಕ್ಕಿನ ಗೂಡಾಗುತ್ತದೆ.

ಮಳೆಗಾಲದ ಮಣ್ಣು ನೀರು

ಕಲಬುರಗಿಗೆ ನೀರು ಬರುವುದು ಭೀಮಾ ನದಿಯಿಂದ, ಬೆಣ್ಣೆತೊರೆಯಿಂದ. ಬೀದರಿಗೆ ಕಾರಂಜಾ ಜಲಾಶಯ. ಭೀಮೆಗೆ ಹೊಸ ನೀರು ಬಂತೆಂದರೆ ಹೊಳೆಯೇ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಶುದ್ಧೀಕರಣ ಘಟಕದಲ್ಲಿ ಪಟಿಕ ಹಾಕಿ ಕೆಸರು ಇಳಿಸಿ, ಮರಳಿನಲ್ಲಿ ಸೋಸಿ ಬಿಡುತ್ತಾರೆ. ಕೆಸರು ಜಾಸ್ತಿ ಆದ ದಿನ ಸ್ವಲ್ಪ ತಪ್ಪಿಸಿಕೊಂಡು ಬರಬಹುದು. ಕುಡಿಯುವ ನೀರಿನ ಮಬ್ಬು 1 ಎನ್‌ಟಿಯು (ಮಬ್ಬು ಅಳೆಯುವ ಮಾನ) ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 5ರವರೆಗೆ ಎನ್ನುತ್ತದೆ ಭಾರತೀಯ ಮಾನಕ.

ಮಣ್ಣನ್ನು ತುಕ್ಕಿನಿಂದ ಬೇರೆ ಮಾಡುವುದು ಕಷ್ಟವಲ್ಲ. ಊರಲ್ಲೆಲ್ಲ ಒಂದೇ ದಿನ ಬಂದರೆ, ಬಣ್ಣ ತೆಳು ಕಂದು ಇದ್ದರೆ, ಐದು ಬಾಟಲಿಯೂ ಒಂದೇ ಥರ ಕಂಡರೆ ಅದು ಮಣ್ಣು. ತಳಕ್ಕೆ ಕೂತದ್ದನ್ನು ಬೆರಳ ನಡುವೆ ಉಜ್ಜಿದರೆ ನುಣ್ಣಗೆ ಜಾರುತ್ತದೆ. ತುಕ್ಕು ತರಿತರಿಯಾಗಿ ಬೆರಳಿಗೆ ಬಣ್ಣ ಹತ್ತಿಸುತ್ತದೆ.

ಮನೆಯಲ್ಲಿ ಪಟಿಕದ ಹರಳನ್ನು ಒಂದು ಕೊಡ ನೀರಿನಲ್ಲಿ ನಾಲ್ಕೈದು ಸುತ್ತು ತಿರುವಿ, ರಾತ್ರಿಯಿಡೀ ಅಲ್ಲಾಡಿಸದೆ ಬಿಟ್ಟು, ಮೇಲಿನ ತಿಳಿ ಬಗ್ಗಿಸಿಕೊಳ್ಳಿ. ಒಣಗಿದ ನುಗ್ಗೆ ಬೀಜದ ಪುಡಿಯೂ ಈ ಕೆಲಸ ಮಾಡುತ್ತದೆ. ನೀರು ತಿಳಿಯಾಯಿತೆಂದು ಹಾಗೇ ಕುಡಿಯಬೇಡಿ, ಕುದಿಸಿ.

ಕಪ್ಪು, ಬಿಳಿ, ಹಸಿರು

ಕಪ್ಪು ಚೂರುಗಳು ಬಂದರೆ ಹಾಳೆಯ ಮೇಲೆ ಹರವಿ ಆಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಹಳೆಯ ಜಿಐ ಒಳಗಿನ ಕಪ್ಪು ತುಕ್ಕು. ಅಂಟದೆ, ಉಜ್ಜಿದರೆ ಕಾಡಿಗೆಯಂತೆ ಮೆತ್ತಿಕೊಂಡರೆ ಯಾವುದೋ ವಾಲಿನ ರಬ್ಬರ್ ವಾಷರ್ ಕರಗುತ್ತಿದೆ. ಹತ್ತು ಇಪ್ಪತ್ತು ರೂಪಾಯಿಯ ರಿಪೇರಿ. ಚೂರಿಲ್ಲದೆ ನೀರೇ ಕಪ್ಪುಕಪ್ಪಾಗಿ, ಟಾಕಿಯ ಗೋಡೆಗೆ ಮಸಿಯಂಥ ಪದರ ಕೂತಿದ್ದರೆ ಮ್ಯಾಂಗನೀಸ್ ಇರಬಹುದು. ಇದರ ಮಿತಿ ಲೀಟರಿಗೆ 0.1 ಮಿಲಿಗ್ರಾಂ, ಹೆಚ್ಚೆಂದರೆ 0.3. ಮನೆಯ ಪರೀಕ್ಷೆಯಲ್ಲಿ ಇದು ತಿಳಿಯುವುದಿಲ್ಲ, ಲ್ಯಾಬಿಗೆ ಕೊಡಿ.

ಹಾಲಿನಂತೆ ಬೆಳ್ಳಗೆ ಬಂದ ನೀರು ಲೋಟದಲ್ಲಿ ಕೆಳಗಿನಿಂದ ಮೇಲಕ್ಕೆ ತಿಳಿಯಾಗುತ್ತ ಎರಡು ನಿಮಿಷದಲ್ಲಿ ಸರಿಹೋದರೆ ಅದು ಬರೀ ಗಾಳಿ. ಸುಮ್ನೆ ಕುಡಿಯಿರಿ. ಬಿಳಿ ಪುಡಿ ತಳಕ್ಕೆ ಕೂತರೆ ಸುಣ್ಣ. ಶಹಾಬಾದ್, ಸೇಡಂ, ಚಿತ್ತಾಪುರದ ಕಡೆ ನೆಲದಡಿ ಸುಣ್ಣದ ಕಲ್ಲೇ ಇರುವಾಗ ಬೋರಿನಲ್ಲಿ ಸುಣ್ಣ ಬರದೆ ಇನ್ನೇನು ಬರುತ್ತದೆ? ಆ ಪುಡಿಗೆ ಲಿಂಬೆರಸ ಬಿಟ್ಟರೆ ಚುರ್ ಎಂದು ನೊರೆ ಬರುತ್ತದೆ.

ಹಸಿರು ಎಂದರೆ ಪಾಚಿ, ಪಾಚಿ ಎಂದರೆ ಟಾಕಿಯೊಳಗೆ ಬೆಳಕು. ನಮ್ಮ ಬಿಸಿಲಿಗೆ ಟಾಕಿಯ ಮುಚ್ಚಳ ಒಂದೆರಡು ವರ್ಷಕ್ಕೇ ಪಾಪಡದಂತೆ ಸೀಳುತ್ತದೆ. ಹತ್ತಿ ನೋಡಿ.

ಟಾಕಿ ತೊಳೆಯಲೇಬೇಕಾದಾಗ

ಬಾಟಲಿ ಟಾಕಿಯನ್ನೋ ಸಂಪನ್ನೋ ತೋರಿಸಿದ್ದರೆ, ಅಥವಾ ಗಟಾರದ ನೀರು ಒಳಗೆ ಹೋಗಿದ್ದರೆ ಮಾತ್ರ ಈ ಕೆಲಸ. ಕೆಸರು ತೆಗೆದು, ಗೋಡೆ ಉಜ್ಜಿ, ತಿಳಿ ನೀರು ತುಂಬಿಸಿ. 1000 ಲೀಟರಿಗೆ 150 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್. ನೇರವಾಗಿ ಸುರಿಯಬೇಡಿ. ಪ್ಲಾಸ್ಟಿಕ್ ಬಕೀಟಿನಲ್ಲಿ ಕದಡಿ, ಸುಣ್ಣ ಕೂತ ಮೇಲೆ ಮೇಲಿನ ತಿಳಿ ಮಾತ್ರ ಹಾಕಿ. ಫಿಲ್ಟರಿಗೆ ಹೋಗುವ ವಾಲ್ ಮುಚ್ಚಿ, ಉಳಿದ ನಳಗಳನ್ನು ಬ್ಲೀಚಿಂಗ್ ವಾಸನೆ ಬರುವವರೆಗೆ ಬಿಟ್ಟು ಬಂದ್ ಮಾಡಿ. ರಾತ್ರಿಯಿಡೀ ಬಿಟ್ಟು ಮರುದಿನ ಎಲ್ಲ ಖಾಲಿ ಮಾಡಿ. ಆ ನೀರು ಗಿಡಕ್ಕೆ ಬೇಡ, ಕುಡಿಯಲಂತೂ ಬೇಡವೇ ಬೇಡ.

ದಿನದ ಕುಡಿಯುವ ನೀರಿಗೆ ಹಾಕುವ ಲೆಕ್ಕ ಬೇರೆ. 1000 ಲೀಟರಿಗೆ ಬರೀ 2.5 ಗ್ರಾಂ, ಹಾಕಿ ಒಂದು ತಾಸು ಕಾಯಬೇಕು. 150 ಮತ್ತು ಎರಡೂವರೆ, ಅದಲುಬದಲು ಮಾಡಬೇಡಿ. ಪೌಡರಿನ ಚೀಲ ಬಾಯಿ ತೆರೆದು ಮೇ ತಿಂಗಳು ಕಳೆದಿದ್ದರೆ ಅದರಲ್ಲಿ ಶಕ್ತಿ ಉಳಿದಿರುವುದಿಲ್ಲ, ಹೊಸದು ತನ್ನಿ. ಪಾಯಖಾನೆ ತೊಳೆಯುವ ಆ್ಯಸಿಡ್ ಜೊತೆ ಇದನ್ನು ಎಂದೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಬಹಳ ದಿನ ಮುಚ್ಚಿಟ್ಟ ಸಂಪಿಗೆ ಒಬ್ಬರೇ ಇಳಿಯುವುದೂ ಬೇಡ. ಮೋಟಾರಿನ ಕರೆಂಟು ತೆಗೆದು, ಮುಚ್ಚಳ ತೆರೆದು ಗಾಳಿ ಆಡಿದ ಮೇಲೆ, ಮೇಲೊಬ್ಬರು ನಿಂತಿರುವಾಗ ಇಳಿಯಿರಿ.

ಮನೆಗೆ ಬರುವ ಮಾರಾಟಗಾರ

ಓಣಿಯಲ್ಲಿ ಕೆಂಪು ನೀರಿನ ಸುದ್ದಿ ಹಬ್ಬಿದ ವಾರದಲ್ಲೇ ಒಬ್ಬ ಟೈ ಕಟ್ಟಿಕೊಂಡು ಬಂದ. ಒಂದು ಲೋಟ ನಮ್ಮ ನೀರು, ಒಂದು ಲೋಟ ಅವನ ಆರ್‌ಒ ನೀರು, ಅಂದರೆ ತೆಳು ಪೊರೆಯಲ್ಲಿ ಸೋಸಿ ಲವಣ ತೆಗೆದದ್ದು. ಎರಡರಲ್ಲೂ ಕರೆಂಟಿನ ಕಡ್ಡಿ ಇಳಿಸಿದ. ನಮ್ಮದು ಅರ್ಧ ನಿಮಿಷದಲ್ಲಿ ಹಸಿರುಗಪ್ಪು ಗಸಿಯಾಯಿತು, ಅವನದು ಹಾಗೇ ಇತ್ತು. ಅವ್ವ "ಶಿವ ಶಿವಾ" ಎಂದಳು. ಆ ಗಸಿ ಬಂದಿದ್ದು ನೀರಿನಿಂದಲ್ಲ, ಅವನ ಕಬ್ಬಿಣದ ಕಡ್ಡಿಯಿಂದ. ಲವಣ ಇರುವ ನೀರಿನಲ್ಲಿ ಕರೆಂಟು ಹರಿಯುತ್ತದೆ, ಕಡ್ಡಿ ಕರಗುತ್ತದೆ. ಆರ್‌ಒ ನೀರಿನಲ್ಲಿ ಲವಣ ಕಡಿಮೆ, ಕರೆಂಟು ಹರಿಯುವುದಿಲ್ಲ, ಕಡ್ಡಿ ಹಾಗೇ ಇರುತ್ತದೆ. ನಿನ್ನ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ತೋರಿಸು ಎಂದೆ. ಬ್ಯಾಗು ಮಡಚಿಕೊಂಡ.

ಟಿಡಿಎಸ್ ಮೀಟರೂ ಅಷ್ಟೇ. ಅದು ಕರಗಿದ ಲವಣವನ್ನು ಹೇಳುತ್ತದೆ. ತುಕ್ಕಿನ ಕಣವನ್ನೂ ಹೇಳುವುದಿಲ್ಲ, ಗಟಾರವನ್ನೂ ಹೇಳುವುದಿಲ್ಲ. ಆರ್‌ಒ ಬೇಡ ಎನ್ನುತ್ತಿಲ್ಲ. ಯಾದಗಿರಿ ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರಿನಲ್ಲಿ ಫ್ಲೋರೈಡ್ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗುವುದಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಹಲ್ಲು, ಮೂಳೆಗೆ ಕೇಡು. ಅಲ್ಲಿ ಆರ್‌ಒ ಬೇಕು. ತುಕ್ಕಿನ ನೀರಿಗೆ ಆರ್‌ಒ ಹಚ್ಚಿದರೆ ಅದರ ಪೊರೆಯೇ ಬೇಗ ಕಟ್ಟಿಕೊಂಡು ಹಾಳಾಗುತ್ತದೆ.

ದೂರು ಕೊಡುವಾಗ

ಬಾಟಲಿ ಬೀದಿಯ ಕಡೆ ಬೆರಳು ತೋರಿಸಿದ್ದರೆ "ನೀರು ಸರಿ ಇಲ್ಲ" ಎಂದು ಫೋನು ಮಾಡಿ ಸುಮ್ಮನಾಗಬೇಡಿ. ಅದೇ ಲೈನಿನ ಮೂರು ನಾಲ್ಕು ಮನೆಯವರೂ ಒಂದನೆಯ ಮತ್ತು ಎರಡನೆಯ ಬಾಟಲಿ ಹಿಡಿಯಲಿ. ಯಾವ ಮನೆಯಿಂದ ಮುಂದಕ್ಕೆ ಬಣ್ಣ ಶುರುವಾಗುತ್ತದೆ ಎನ್ನುವುದರಲ್ಲೇ ಬಿರುಕಿನ ಜಾಗ ಇದೆ. ನೀರು ಬಂದ ದಿನ, ಹೊತ್ತು, ವಾಸನೆ ಬರೆದು ಫೋಟೋ ಜೊತೆ ಕೊಡಿ. ರಸ್ತೆ ಅಗೆದಿದ್ದರೆ, ಹೊಸ ಪೈಪು ಹಾಕುತ್ತಿದ್ದರೆ ಅದನ್ನೂ ಬರೆಯಿರಿ. ಎದುರುಮನೆಯ ಕಾಕಾ ಅವರ ಲೈನಿನ ಬಿರುಕು ಕೊನೆಗೆ ಸಿಕ್ಕಿದ್ದು ಹೀಗೇ, ಎರಡು ಮನೆ ಆಚೆ ಗಟಾರದ ತಿರುವಿನಲ್ಲಿ.

ಲ್ಯಾಬಿಗೆ ಕೊಡುವುದಾದರೆ ಬ್ಯಾಕ್ಟೀರಿಯಾ ಪರೀಕ್ಷೆಗೆ ಅವರೇ ಕೊಡುವ ಬಾಟಲಿ ಬೇಕು. ಮನೆಯ ಬಾಟಲಿ ನಡೆಯುವುದಿಲ್ಲ. ಒಳಬಾಯಿ ಮುಟ್ಟಬೇಡಿ, ಮಂಜುಗಡ್ಡೆ ಹಾಕಿದ ಡಬ್ಬಿಯಲ್ಲಿಟ್ಟು ಅದೇ ದಿನ ಮುಟ್ಟಿಸಿ. ಕಬ್ಬಿಣ, ಮ್ಯಾಂಗನೀಸ್, ಫ್ಲೋರೈಡ್ ಬೇಕಿದ್ದರೆ ಹೆಸರು ಹೇಳಿ ಕೇಳಬೇಕು. ಕೇಳದಿದ್ದರೆ ಒಂದೊಂದು ಕಡೆ ಟಿಡಿಎಸ್, ಪಿಎಚ್ ನೋಡಿ ಚೀಟಿ ಕೊಟ್ಟು ಕಳಿಸುತ್ತಾರೆ.

ನಮ್ಮ ಅಡುಗೆಮನೆಯ ತುಂಡು ತೆಗೆಸಿ ಸಿಪಿವಿಸಿ ಹಾಕಿದ ಮೇಲೂ ಮೂರು ದಿನ ಬೆಳಿಗ್ಗೆ ತೆಳ್ಳಗೆ ಕೆಂಪು ಬಂತು. ಮತ್ತೆ ಎದೆ ಧಸಕ್ ಎಂದಿತು. ನೋಡಿದರೆ ನಳದ ಮೂತಿಯಲ್ಲಿರುವ ಜಾಳಿಗೆಯಲ್ಲಿ ಹಳೆಯ ತುಕ್ಕು ಸಿಕ್ಕಿಕೊಂಡಿತ್ತು. ಬಿಚ್ಚಿ, ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿ ಹಾಕಿದೆ. ಹದಿನೈದು ದಿನ ಬಿಟ್ಟು ನಾಲ್ಕನೆಯ ನಂಬರಿನ ಬಾಟಲಿ ಮತ್ತೊಮ್ಮೆ ತುಂಬಿಸಿ ಕಿಟಕಿಯಲ್ಲಿಟ್ಟೆ. ಅವ್ವ ಅದನ್ನು ಕ್ಯಾನಿನ ನೀರೆಂದು ತಿಳಿದು ಎಸರಿಗೆ ಸುರಿದುಬಿಟ್ಟಿದ್ದಳು.